ಹನ್ನೆರಡು ಎಸಳೋ, ಹದಿನಾರೋ: ರೇಡಿಯಲ್ ಸಿಮೆಟ್ರಿಗೆ ಯಾವ ಸಾಫ್ಟ್‌ವೇರ್ ಹಿಡಿಯಬೇಕು?

ನಗರ್ತಪೇಟೆಯಲ್ಲಿ ಚಿನ್ನದ ಕೆಲಸ ಮಾಡುವವರ ಮನೆಯ ಹುಡುಗನೊಬ್ಬ ಹೋದ ತಿಂಗಳು ಏಳು ಕಲ್ಲಿನ ಓಲೆಯೊಂದನ್ನು ನನ್ನ ಮುಂದಿಟ್ಟ. ನಡುವೆ ಒಂದು ಕಲ್ಲು, ಸುತ್ತ ಆರು. ಕೆಳಗೆ ಜುಮುಕಿ ತೂಗುಹಾಕಲು ಒಂದು ಪುಟ್ಟ ಕೊಂಡಿ. "ಅಣ್ಣ, ಇದನ್ನ ಕಂಪ್ಯೂಟರ್‌ನಲ್ಲಿ ಕೆತ್ತಬೇಕು. ಝಡ್‌ಬ್ರಷ್ ತಗೊಳ್ಳಲಾ, ಬ್ಲೆಂಡರ್ ಸಾಕಾ?" ಅಂದ. ಎರಡೂ ಪರದೆಯ ಮೇಲೆ ತ್ರೀ-ಡಿ ರೂಪ ಕೆತ್ತುವ ಸಾಫ್ಟ್‌ವೇರ್‌ಗಳು. ಅದೇ ವಾರ ರಾಜಾಜಿನಗರದ ಒಬ್ಬ ಹುಡುಗಿ ಇದೇ ಪ್ರಶ್ನೆ ಕೇಳಿದಳು. ಅವಳಿಗೆ ಗೇಮ್ ಸ್ಟುಡಿಯೊದ ಟೆಸ್ಟ್‌ಗೆ ಒಂದು ಗುರಾಣಿ ಮಾಡಬೇಕಿತ್ತು. ನಿವೃತ್ತರಾದ ಮೇಲೆ ಟ್ಯಾಬ್ ಹಿಡಿದು ಗಣಪನ ಪ್ರಭಾವಳಿಗೆ ಹೂ ಕೆತ್ತುವ ಹವ್ಯಾಸ ಹಚ್ಚಿಕೊಂಡ ಹಿರಿಯರೊಬ್ಬರೂ ಕೇಳಿದರು. ಮೂವರಿಗೂ ಬೇಕಾದದ್ದು ಒಂದೇ: ಒಂದು ಕಡೆ ಗೀರಿದರೆ ಸುತ್ತಲೂ ಅದೇ ಗೀರು ಮೂಡಬೇಕು. ಆದರೆ ಮೂವರಿಗೂ ನಾನು ಬೇರೆ ಬೇರೆ ಉತ್ತರ ಕೊಟ್ಟೆ. ಯಾಕೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಹೊಸಬರಿಗೆ ಎರಡು ಮಾತು. ಮುಖ ಕೆತ್ತುವಾಗ ಬಳಸುವುದು ಕನ್ನಡಿ ಸಿಮೆಟ್ರಿ. ಎಡಗೆನ್ನೆ ಉಬ್ಬಿಸಿದರೆ ಬಲಗೆನ್ನೆಯೂ ಉಬ್ಬುತ್ತದೆ. ರೇಡಿಯಲ್ ಸಿಮೆಟ್ರಿಯಲ್ಲಿ ನಡುವೆ ಒಂದು ಅಕ್ಷ, ಅಂದರೆ ಆಕ್ಸಿಸ್, ಇರುತ್ತದೆ. ಅದರ ಸುತ್ತ ಎಷ್ಟು ಸಲ ಬೇಕೋ ಅಷ್ಟು ಸಲ ನಿಮ್ಮ ಬ್ರಷ್, ಅಂದರೆ ಪರದೆಯ ಮೇಲಿನ ಉಳಿ, ಒಟ್ಟಿಗೆ ಓಡುತ್ತದೆ. ಎಂಟು ಅಂತ ಕೊಟ್ಟರೆ 45 ಡಿಗ್ರಿಗೊಂದರಂತೆ ಎಂಟು ಕೈ. ಬಾಗಿಲ ಮುಂದೆ ಎಂಟೆಸಳಿನ ಕಮಲದ ರಂಗೋಲಿ ಹಾಕುವಾಗ ಎಂಟು ಜನ ಸುತ್ತ ಕೂತು ಒಂದೇ ಸಲ ಗೆರೆ ಎಳೆದ ಹಾಗೆ.

ಸಾಫ್ಟ್‌ವೇರ್ ಹೆಸರು ಹೇಳುವ ಮೊದಲು ನಿಮ್ಮ ಕೆಲಸವನ್ನು ಒಮ್ಮೆ ಅಳೆದು ನೋಡೋಣ. ಈ ಅಳತೆ ಸರಿ ಇದ್ದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಮೊದಲು ಕೇಳಿಕೊಳ್ಳಬೇಕಾದದ್ದು

ನೀವು ಮಾಡುತ್ತಿರುವುದು ತಾವರೆಯಾ, ನಂದಿಬಟ್ಟಲಾ? ತಮಾಷೆ ಅಲ್ಲ. ತಾವರೆಯ ಎಸಳನ್ನು ನಡುವೆ ಸೀಳಿದರೆ ಎಡಬಲ ಒಂದೇ ಥರ. ನಂದಿಬಟ್ಟಲಿಗೆ ಐದು ಎಸಳು, ಆದರೆ ಎಲ್ಲವೂ ಒಂದೇ ಕಡೆಗೆ ತಿರುಚಿಕೊಂಡಿರುತ್ತವೆ, ಗಾಳಿಗೆ ತಿರುಗುವ ಗಿರಿಗಿಟ್ಲೆಯ ಹಾಗೆ. ಸೀಲಿಂಗ್ ಫ್ಯಾನ್ ಕೂಡ ಇದೇ ಜಾತಿ. ತಾವರೆಗೆ ರೇಡಿಯಲ್ ಜೊತೆಗೆ ಕನ್ನಡಿ ಸಿಮೆಟ್ರಿಯೂ ಬೇಕು. ನಂದಿಬಟ್ಟಲಿಗೆ ಕನ್ನಡಿ ಬೇಡವೇ ಬೇಡ. ಇದನ್ನು ಮರೆತು ಕನ್ನಡಿ ಆನ್ ಇಟ್ಟುಕೊಂಡು ತಿರುಚಿದ ಎಸಳು ಕೆತ್ತಲು ಹೋದರೆ ಗೀರುಗಳು ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದು ಜಾಲರಿ ಥರ ಆಗುತ್ತದೆ. ನನ್ನ ಹತ್ತಿರ ಕಲಿಯಲು ಬಂದವರಲ್ಲಿ ಬಹಳ ಜನ "ಸಾಫ್ಟ್‌ವೇರ್ ಕೆಟ್ಟೋಗಿದೆ" ಅಂತ ದೂರುವುದು ಇಲ್ಲೇ.

ಎರಡನೆಯದು, ಎಸಳಿನ ಲೆಕ್ಕ ಆಮೇಲೆ ಬದಲಾಗಬಹುದಾ? ಇದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಯಾರೂ ಇದನ್ನು ಮೊದಲೇ ಕೇಳಿಕೊಳ್ಳುವುದಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಕೆಲವು ವರ್ಷಗಳ ಹಿಂದೆ ಒಬ್ಬ ಗಿರಾಕಿಗೆ ಚಾವಣಿಗೆ ಅಂಟಿಸುವ ದುಂಡು ಪದಕವೊಂದನ್ನು ಕೆತ್ತಿಕೊಟ್ಟೆ. ಹದಿನಾರು ಎಸಳು. ಪ್ರತಿ ಎಸಳಿನ ತುದಿಯಲ್ಲಿ ಸುರುಳಿ, ಸುರುಳಿಯೊಳಗೆ ಮಣಿ. ಎರಡು ವಾರದ ಕೆಲಸ. ನೋಡಿ ಖುಷಿಪಟ್ಟರು. ಆಮೇಲೆ, "ಸ್ವಲ್ಪ ಒತ್ತೊತ್ತಾಗಿದೆ ಅಲ್ವಾ? ಹನ್ನೆರಡು ಮಾಡಿಬಿಡಿ" ಅಂದರು. ಸಂಖ್ಯೆ ಬದಲಿಸಿದರೆ ಆಯಿತು ಅಂತ ಅವರ ಲೆಕ್ಕ. ಆದರೆ ರೇಡಿಯಲ್ ಸಿಮೆಟ್ರಿಯಲ್ಲಿ ಕೆತ್ತಿದ್ದು ಕಲ್ಲಿನ ಮೇಲೆ ಕೆತ್ತಿದ ಹಾಗೆ. ಪ್ಯಾನೆಲ್‌ನಲ್ಲಿ 16 ಅಳಿಸಿ 12 ಬರೆದರೆ ಮುಂದಿನ ಗೀರು ಹನ್ನೆರಡು ಕಡೆ ಬೀಳುತ್ತದೆ ಅಷ್ಟೇ, ಹಿಂದಿನ ಹದಿನಾರು ಹಾಗೇ ಇರುತ್ತವೆ. ಮೊದಲಿನಿಂದ ಮಾಡಿದೆ. ಎರಡನೇ ಸಲ ದುಡ್ಡು ಕೇಳಲು ಬಾಯಿ ಬರಲಿಲ್ಲ.

ಮೂರನೆಯದು ನಡು. ವಸ್ತುವಿನ ನಡು ಎಲ್ಲಿದೆ ಅಂತ ಸಾಫ್ಟ್‌ವೇರ್ ಅಂದುಕೊಂಡಿದೆಯೋ ಅಲ್ಲಿಂದಲೇ ಎಲ್ಲವೂ ಸುತ್ತುತ್ತದೆ. ನಿಮ್ಮ ಕಣ್ಣಿಗೆ ಕಾಣುವ ನಡುವೂ ಅದರ ನಡುವೂ ಒಂದು ಕೂದಲಷ್ಟು ಬೇರೆಯಾದರೂ ಒಂದು ಬದಿಯ ಎಸಳು ದಪ್ಪ, ಎದುರಿನದು ಸಣ್ಣ.

ಉಳಿದವು ಎಲ್ಲರಿಗೂ ಗೊತ್ತಿರುವ ಲೆಕ್ಕಗಳು: ಕೆತ್ತಿದ್ದು ಎಲ್ಲಿಗೆ ಹೋಗುತ್ತದೆ, ಗೇಮ್‌ಗಾ, ದ್ರವದಿಂದ ತ್ರೀ-ಡಿ ವಸ್ತು ಮಾಡುವ ರೆಸಿನ್ ಪ್ರಿಂಟರ್‌ಗಾ, ಎರಕಕ್ಕಾ? ಜೇಬಿನಲ್ಲಿ ಎಷ್ಟಿದೆ? ಮೇಜಿನ ಮೇಲೆ ಯಾವ ಮಶೀನು?

ಸಾಫ್ಟ್‌ವೇರ್‌ಗಿಂತ ಮುಂಚೆ ದಾರಿ

ದುಂಡು ವಿನ್ಯಾಸ ಮಾಡಲು ದಾರಿ ಒಂದೇ ಅಲ್ಲ. ಮೂರಿವೆ. ಯಾವ ಸಾಫ್ಟ್‌ವೇರ್ ಅನ್ನುವುದಕ್ಕಿಂತ ಯಾವ ದಾರಿ ಅನ್ನುವುದು ಮುಖ್ಯ.

ಸೋಮನಾಥಪುರಕ್ಕೆ ಹೋದವರಿಗೆ ಇದು ಸುಲಭವಾಗಿ ಗೊತ್ತಾಗುತ್ತದೆ. ಅಲ್ಲಿನ ದುಂಡು ಕಂಬಗಳನ್ನು ನೋಡಿ. ಬಳಪದ ಕಲ್ಲನ್ನು ಲೇತ್‌ನಲ್ಲಿ ತಿರುಗಿಸಿ ಕಡೆದವು. ಎಷ್ಟು ಎಸಳು ಅಂತ ಎಣಿಸಲು ಅಲ್ಲಿ ಎಸಳೇ ಇಲ್ಲ, ಸುತ್ತಲೂ ಒಂದೇ ರೂಪ. ಚನ್ನಪಟ್ಟಣದ ಬುಗುರಿಯೂ ಹಾಗೇ. ಇಂಥದ್ದಕ್ಕೆ ರೇಡಿಯಲ್ ಸಿಮೆಟ್ರಿ ಬಳಸುವುದು ದಡ್ಡತನ. ಅರ್ಧ ಅಂಚಿನ ಗೆರೆ ಬರೆದು ಸುತ್ತಿಸಿದರೆ ಮುಗಿಯಿತು. ಬ್ಲೆಂಡರ್‌ನಲ್ಲಿ ಸ್ಕ್ರೂ ಮಾಡಿಫೈಯರ್ (ಮೂಲ ರೂಪ ಕೆಡಿಸದೆ ಮೇಲೆ ಹಾಕುವ ಬದಲಾವಣೆ) ಅಥವಾ ಸ್ಪಿನ್, ಟ್ಯಾಬ್‌ನಲ್ಲಿ ಓಡುವ ನೋಮ್ಯಾಡ್‌ನಲ್ಲಿ ಲೇತ್ ಅನ್ನುವ ಹೆಸರಿನ ಉಪಕರಣವೇ ಇದೆ.

ಅದೇ ಗುಡಿಯಲ್ಲಿ ಗರ್ಭಗುಡಿಗಳ ತಳವಿನ್ಯಾಸ ಹದಿನಾರು ಮೂಲೆಯ ನಕ್ಷತ್ರ. ಗದಗ ಜಿಲ್ಲೆ ಡಂಬಳದ ದೊಡ್ಡಬಸಪ್ಪ ಗುಡಿಯದ್ದು ಇಪ್ಪತ್ನಾಲ್ಕು ಮೂಲೆ. ಇವು ಒಂದೇ ತುಂಡನ್ನು ಲೆಕ್ಕ ಹಾಕಿ ಸುತ್ತ ಜೋಡಿಸುವ ಕೆಲಸ. ಒಂದು ಮೂಲೆ ಮಾಡಿ, ಅದರ ನಕಲುಗಳನ್ನು ಸುತ್ತ ಇಡುವುದು. ಇದಕ್ಕೆ ಅರೇ ಅಥವಾ ರಿಪೀಟರ್ ಅನ್ನುತ್ತಾರೆ. ಲೆಕ್ಕ ಯಾವಾಗ ಬೇಕಾದರೂ ಬದಲಿಸಬಹುದು. ನನ್ನ ಹದಿನಾರು ಎಸಳಿನ ಕಥೆಗೆ ಇದೇ ಮದ್ದಾಗಿತ್ತು.

ಮೂರನೆಯದೇ ರೇಡಿಯಲ್ ಸಿಮೆಟ್ರಿ, ಬ್ರಷ್ ಹಿಡಿದು ಸುತ್ತಲೂ ಒಟ್ಟಿಗೆ ಕೆತ್ತುವುದು. ಎಸಳುಗಳು ಒಂದರೊಳಗೊಂದು ಕರಗಿಕೊಂಡಿರಬೇಕು, ನಡುವಿನಿಂದ ಉಬ್ಬು ಹರಿದು ಬರಬೇಕು, ಎಲ್ಲವೂ ಒಂದೇ ಚರ್ಮದ ಹಾಗಿರಬೇಕು ಅನ್ನುವ ಕಡೆ ಇದಕ್ಕೆ ಸಾಟಿ ಇಲ್ಲ. ರೂಪ ಹುಡುಕುವಾಗಲೂ ಇದೇ ಸರಿ. ಬ್ರಷ್ ಆಡಿಸುತ್ತಾ ಹೋದಂತೆ ನೀವು ಯೋಚಿಸಿರದ ಹೂ ಅರಳುತ್ತದೆ. ಆ ಖುಷಿ ಅರೇಯಲ್ಲಿ ಸಿಗುವುದಿಲ್ಲ.

ಗವಿಪುರದ ಗಂಗಾಧರೇಶ್ವರ ಗುಡಿಯ ಅಂಗಳದ ದೊಡ್ಡ ಕಲ್ಲಿನ ಬಿಲ್ಲೆಗಳು ನೆನಪಿವೆಯಾ? ಬಿಲ್ಲೆ ದುಂಡಗಿದೆ. ಅದರ ಮುಖದ ಮೇಲಿನ ನಂದಿ ದುಂಡಗಿಲ್ಲ. ಅಂಥ ಕೆಲಸದಲ್ಲಿ ಅಂಚಿಗೆ ಮಾತ್ರ ಸಿಮೆಟ್ರಿ ಸಾಕು, ಉಳಿದದ್ದು ಕೈಯಲ್ಲೇ ಆಗಬೇಕು. ಎಲ್ಲವನ್ನೂ ಸುತ್ತಿಸುವ ಚಟ ಒಳ್ಳೆಯದಲ್ಲ.

ಬ್ಲೆಂಡರ್

ಪೂರ್ತಿ ಪುಕ್ಕಟೆ. 2002ರಿಂದ ಮುಕ್ತ ತಂತ್ರಾಂಶ. ಸ್ಕಲ್ಪ್ಟ್ ಮೋಡ್‌ಗೆ ಹೋದರೆ ಸಿಮೆಟ್ರಿ ಪ್ಯಾನೆಲ್‌ನಲ್ಲಿ ಎಕ್ಸ್, ವೈ, ಝಡ್ ಮೂರಕ್ಕೂ ರೇಡಿಯಲ್ ಸಂಖ್ಯೆ ಇರುತ್ತದೆ. ಮೊದಲಿಗೆ ಮೂರೂ 1. ಮೇಜಿನ ಮೇಲಿಟ್ಟ ತಟ್ಟೆಯ ಹಾಗೆ ಮಲಗಿರುವ ವಸ್ತುವಾದರೆ ಝಡ್‌ಗೆ ನಿಮ್ಮ ಲೆಕ್ಕ ಕೊಡಿ. 64ರವರೆಗೆ ಹೋಗುತ್ತದೆ. ಅಷ್ಟು ಯಾರಿಗೂ ಬೇಕಾಗುವುದಿಲ್ಲ ಬಿಡಿ.

ಕನ್ನಡಿ ಸಿಮೆಟ್ರಿಯ ಬಟನ್‌ಗಳೂ ಅಲ್ಲೇ ಪಕ್ಕದಲ್ಲಿವೆ. ಎಕ್ಸ್ ಕನ್ನಡಿ ಬಹಳ ಸಲ ಆನ್ ಆಗಿಯೇ ಇರುತ್ತದೆ. ಝಡ್‌ಗೆ 8 ಕೊಟ್ಟು ಎಕ್ಸ್ ಕನ್ನಡಿಯೂ ಇದ್ದರೆ ಬ್ರಷ್ ಹದಿನಾರು ಕಡೆ ಓಡುತ್ತದೆ. ತಾವರೆಗೆ ಬಹಳ ಚೆನ್ನ, ನಂದಿಬಟ್ಟಲಿಗೆ ಕೆಡುಕು. ಮೇಲೆ ಹೇಳಿದ ಜಾಲರಿ ಕಥೆ ಹುಟ್ಟುವುದು ಈ ಒಂದು ಬಟನ್‌ನಿಂದ.

ಪಕ್ಕದಲ್ಲೇ ಫೆದರ್ ಅಂತ ಒಂದು ಗುರುತು ಇದೆ. ಯಾರೂ ಮುಟ್ಟುವುದಿಲ್ಲ. ರೇಡಿಯಲ್‌ನಲ್ಲಿ ನಡುವಿನ ಹತ್ತಿರ ಬ್ರಷ್ ತಂದಾಗ ಎಂಟು ಬ್ರಷ್‌ಗಳೂ ಒಂದರ ಮೇಲೊಂದು ಬಿದ್ದು ಅಲ್ಲಿ ಎಂಟು ಪಟ್ಟು ಒತ್ತಡ ಆಗುತ್ತದೆ. ನಡು ಚಿಮ್ಮಿ ಮೊಡವೆ ಥರ ಏಳುತ್ತದೆ. ಫೆದರ್ ಆನ್ ಮಾಡಿದರೆ ಬ್ರಷ್‌ಗಳು ಹೀಗೆ ಮೇಲೆ ಮೇಲೆ ಬೀಳುವ ಕಡೆ ಬಲ ತಾನಾಗಿ ಕಮ್ಮಿ ಆಗುತ್ತದೆ. ಇಷ್ಟು ಸಣ್ಣ ಸವಲತ್ತಿಗೆ ನಾನು ಬ್ಲೆಂಡರ್ ಮಾಡಿದವರಿಗೆ ಒಂದು ಬೈಟೂ ಕಾಫಿ ಕೊಡಿಸಲು ತಯಾರಿದ್ದೇನೆ.

ನಡು ಅಂದರೆ ಇಲ್ಲಿ ಆಬ್ಜೆಕ್ಟ್‌ನ ಆರಿಜಿನ್, ಆ ಕಿತ್ತಳೆ ಬಣ್ಣದ ಚುಕ್ಕೆ. ವಸ್ತುವನ್ನು ಆಬ್ಜೆಕ್ಟ್ ಮೋಡ್‌ನಲ್ಲಿ ಎಲ್ಲಿಗೆ ಸರಿಸಿ, ಹೇಗೆ ತಿರುಗಿಸಿ, ಸಿಮೆಟ್ರಿ ಅದರ ಜೊತೆಗೇ ಬರುತ್ತದೆ. ಇದು ಒಳ್ಳೆಯದು. ಕೆಟ್ಟದ್ದು ಇಲ್ಲಿದೆ: ಒಂದು ಪೆಂಡೆಂಟ್‌ಗೆ ಮೇಲೆ ಸರ ಹಾಕುವ ಕೊಂಡಿ ಸೇರಿಸಿ, ಎರಡನ್ನೂ ಒಂದೇ ಆಬ್ಜೆಕ್ಟ್ ಮಾಡಿ, ಆಮೇಲೆ ಯಾವುದೋ ಕಾರಣಕ್ಕೆ ಆರಿಜಿನ್ ಅನ್ನು ಜಾಮೆಟ್ರಿಗೆ ತರುವ ಆಯ್ಕೆ ಒತ್ತಿದೆ. ಕೊಂಡಿ ಇದ್ದ ಕಡೆಗೆ ನಡು ಜರುಗಿತು. ಪರದೆಯ ಮೇಲೆ ಕಾಣಲಿಲ್ಲ. ಅದರ ಮೇಲೆ ಇನ್ನೊಂದು ಸಂಜೆ ಕೆತ್ತಿದೆ. ರೆಸಿನ್ ಪ್ರಿಂಟ್ ಕೈಗೆ ಬಂದಾಗ ಹೂವು ಒಂದು ಕಡೆ ವಾಲಿದ ಹಾಗೆ ಕಂಡಿತು. ಅವತ್ತಿನಿಂದ ಕೊಂಡಿ, ತಿರುಪು, ಕಾಲು, ಏನೇ ಇದ್ದರೂ ಕೊನೆಯವರೆಗೆ ಬೇರೆ ಆಬ್ಜೆಕ್ಟ್ ಆಗಿಯೇ ಇಡುತ್ತೇನೆ.

ಅರೇ ದಾರಿಯಲ್ಲೂ ಬ್ಲೆಂಡರ್ ಗಟ್ಟಿ. ಒಂದು ಎಸಳು ಮಾಡಿ, ನಡುವಿನಲ್ಲಿ ಒಂದು ಎಂಪ್ಟಿ, ಅಂದರೆ ರೂಪವಿಲ್ಲದ ಗುರುತು, ಇಟ್ಟು, ಅರೇ ಮಾಡಿಫೈಯರ್‌ನಲ್ಲಿ ಆಬ್ಜೆಕ್ಟ್ ಆಫ್‌ಸೆಟ್ ಆಗಿ ಅದನ್ನು ಕೊಟ್ಟು, ಎಂಪ್ಟಿಯನ್ನು ತಿರುಗಿಸಿದರೆ ಸಾಕು. ತಿರುಗಿಸುವ ಖಾನೆಯಲ್ಲಿ 360/7 ಅಂತ ಹಾಗೇ ಟೈಪ್ ಮಾಡಬಹುದು, ಲೆಕ್ಕ ಅದೇ ಹಾಕಿಕೊಳ್ಳುತ್ತದೆ. ಮೊದಲು ಎಸಳಿನ ಸ್ಕೇಲ್ ಅಪ್ಲೈ ಮಾಡಿರಬೇಕು, ಅಂದರೆ ಹಿಗ್ಗಿಸಿ ಕುಗ್ಗಿಸಿದ ಅಳತೆಯನ್ನು ಗಟ್ಟಿ ಮಾಡಿರಬೇಕು. ಇಲ್ಲದಿದ್ದರೆ ಎಸಳುಗಳು ಸುರುಳಿ ಸುತ್ತಿ ಬಸವನಹುಳುವಿನ ಚಿಪ್ಪಾಗುತ್ತದೆ. ಮಾಡಿಫೈಯರ್ ಬೇಡ ಅಂದರೆ ಆಲ್ಟ್-ಡಿ ಒತ್ತಿ ಲಿಂಕ್ ಆದ ನಕಲುಗಳನ್ನು ಸುತ್ತ ಇಡಿ. ಒಂದನ್ನು ಕೆತ್ತಿದರೆ ಎಲ್ಲವೂ ಬದಲಾಗುತ್ತವೆ.

ಕೊರತೆ? ಪಾಲಿಗನ್‌ಗಳು (ಮಾದರಿಯ ಮೈ ಹೆಣೆಯುವ ಪುಟ್ಟ ಮುಖಗಳು) ತೀರಾ ಹೆಚ್ಚಾದರೆ ಸಾಧಾರಣ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಬ್ರಷ್‌ನ ಹದವೂ ಝಡ್‌ಬ್ರಷ್‌ನಷ್ಟು ನುಣುಪಲ್ಲ. ನನ್ನ ಕೈಗಂತೂ ಅಲ್ಲ.

ಝಡ್‌ಬ್ರಷ್

ಕೆತ್ತುವವರ ಲೋಕದಲ್ಲಿ ಇದು ದೊಡ್ಡಣ್ಣ. ಟ್ರಾನ್ಸ್‌ಫಾರ್ಮ್ ಮೆನುವಿನಲ್ಲಿ ಸಿಮೆಟ್ರಿ ಆನ್ ಮಾಡಿ, ಆಕ್ಸಿಸ್ ಆರಿಸಿ, ಆರ್ ಅನ್ನುವ ಪುಟ್ಟ ಬಟನ್ ಒತ್ತಿದರೆ ರೇಡಿಯಲ್. ಕೆಳಗೆ ರೇಡಿಯಲ್ ಕೌಂಟ್. ಎಷ್ಟು ಕೊಟ್ಟಿರೋ ಅಷ್ಟು ಚುಕ್ಕೆಗಳು ಮಾದರಿಯ ಮೇಲೆ ಕರ್ಸರ್ ಜೊತೆ ಓಡಾಡುತ್ತವೆ. ಇದು ಚಿಕ್ಕ ವಿಷಯ ಅನಿಸಬಹುದು. ಆದರೆ ಗೀರುವ ಮೊದಲೇ ಎಲ್ಲೆಲ್ಲಿ ಬೀಳುತ್ತದೆ ಅಂತ ಕಣ್ಣಿಗೆ ಕಾಣುವುದರಿಂದ ಕೈ ಧೈರ್ಯವಾಗಿ ಓಡುತ್ತದೆ.

ಮಾಸ್ಕ್, ಅಂದರೆ ಬ್ರಷ್ ತಾಗದಂತೆ ಮುಚ್ಚಿದ ಜಾಗ, ಕೂಡ ಸಿಮೆಟ್ರಿಯ ಜೊತೆ ಸುತ್ತುತ್ತದೆ. ಆಲ್ಫಾ ಅಂದರೆ ಅಚ್ಚಿನ ಚಿತ್ರ. ಅದನ್ನು ಡ್ರ್ಯಾಗ್-ರೆಕ್ಟ್‌ನಲ್ಲಿ ಎಳೆದರೆ ಸುತ್ತಲೂ ಹನ್ನೆರಡು ಅಚ್ಚು ಒಟ್ಟಿಗೆ ಅರಳುತ್ತವೆ. ಗುರಾಣಿ, ನಾಣ್ಯ, ರಥದ ಚಕ್ರ, ಕಿರೀಟದ ಪಟ್ಟಿ, ಇಂಥ ಕೆಲಸ ಅರ್ಧ ಗಂಟೆಯಲ್ಲಿ ಮೈ ತುಂಬಿಕೊಳ್ಳುತ್ತದೆ. ಎಷ್ಟು ನವಿರಾದ ಗೀರಾದರೂ ತಡೆಯಿಲ್ಲದೆ ಬರುತ್ತದೆ. ಕೋಟಿ ಲೆಕ್ಕದ ಪಾಲಿಗನ್ ಇದಕ್ಕೆ ನೀರು ಕುಡಿದ ಹಾಗೆ.

ಇಲ್ಲಿ ನಡುವಿನ ತಕರಾರು ಬೇರೆ ಥರ. ಸುಮ್ನೆ ಬಿಟ್ಟರೆ ಸಿಮೆಟ್ರಿ ಇಡೀ ದೃಶ್ಯದ ನಡುವಿನಿಂದ ಸುತ್ತುತ್ತದೆ. ನಿಮ್ಮ ಹೂವು ಪಕ್ಕಕ್ಕೆ ಸರಿದಿದ್ದರೆ ಗೀರುಗಳು ಗಾಳಿಯಲ್ಲಿ ಹೋಗುತ್ತವೆ. ಲೋಕಲ್ ಸಿಮೆಟ್ರಿ ಒತ್ತಿದರೆ ಆ ಸಬ್‌ಟೂಲ್‌ನ (ಅಂದರೆ ಆ ಬಿಡಿ ಭಾಗದ) ಸ್ವಂತ ನಡು ಹಿಡಿಯುತ್ತದೆ. ಇಲ್ಲಿಯೂ ಕೊಂಡಿ ಅಂಟಿಸಿದರೆ ಅದೇ ಗೋಳು. ನನ್ನ ಸಲಹೆ, ಕೆತ್ತುವಾಗ ಹೂವನ್ನು ಲೋಕದ, ಅಂದರೆ ದೃಶ್ಯದ, ನಡುವಿಗೇ ಇಟ್ಟುಕೊಳ್ಳಿ. ಮುಗಿದ ಮೇಲೆ ಅದರ ಜಾಗಕ್ಕೆ ಕೊಂಡೊಯ್ಯಿರಿ.

ಲೆಕ್ಕ ಬದಲಾಗಬಹುದಾದ ಕೆಲಸಕ್ಕೆ ಅರೇಮೆಶ್ ಇದೆ. 2015ರ 4ಆರ್7 ಆವೃತ್ತಿಯಲ್ಲಿ ಬಂದದ್ದು. ಮೂಲ ಎಸಳನ್ನು ತಿದ್ದಿದರೆ ನಕಲುಗಳು ಕೂಡಲೇ ತಿದ್ದಿಕೊಳ್ಳುತ್ತವೆ. ಸಂಖ್ಯೆ ಒಂದು ಸ್ಲೈಡರ್. ಒಪ್ಪಿಗೆ ಆದ ಮೇಲೆ ಮೇಕ್ ಮೆಶ್ ಒತ್ತಿ ಗಟ್ಟಿ ಮಾಡಿಕೊಳ್ಳುವುದು.

ಈಗ ದುಡ್ಡಿನ ಮಾತು. ಮುಂಚೆ ಒಮ್ಮೆ ಕೊಂಡರೆ ಕೊನೆತನಕ ನಿಮ್ಮದೇ ಆಗಿತ್ತು. ಮ್ಯಾಕ್ಸನ್ ಕಂಪನಿ ಇದನ್ನು ಕೊಂಡ ಮೇಲೆ ಈಗ ತಿಂಗಳಿಗೆ ಅಥವಾ ವರ್ಷಕ್ಕೆ ಬಾಡಿಗೆ. ಬೆಂಗಳೂರಿನವರಿಗೆ ಬಾಡಿಗೆ ಹೊಸದಲ್ಲ. ಅಡ್ವಾನ್ಸ್ ಕೇಳುವುದಿಲ್ಲ ಅನ್ನುವುದೊಂದೇ ಸಮಾಧಾನ. ತಿಂಗಳು ತಿಂಗಳು ಇದರಿಂದ ದುಡಿಮೆ ಇದ್ದವರಿಗೆ ಇದು ಭಾರವಲ್ಲ. ವರ್ಷಕ್ಕೆ ಎರಡು ಪದಕ ಕೆತ್ತುವವರಿಗೆ ಭಾರವೇ. ಜೊತೆಗೆ ಮೆನುಗಳ ಜಾತ್ರೆ. ಮೊದಲ ವಾರ ಅಳು ಬರುತ್ತದೆ. ಎರಡನೇ ವಾರ ಸ್ವಲ್ಪ ಕಮ್ಮಿ ಬರುತ್ತದೆ.

2024ರಲ್ಲಿ ಐಪ್ಯಾಡ್‌ಗೂ ಝಡ್‌ಬ್ರಷ್ ಬಂದಿದೆ. ಮೆಟ್ರೊದಲ್ಲಿ ಕೂತು ಕೆತ್ತುವವರನ್ನು ನೋಡಿದ್ದೇನೆ. ನಾಗಸಂದ್ರದಲ್ಲಿ ಹತ್ತಿದರೆ ಜಯನಗರ ಬರುವಷ್ಟರಲ್ಲಿ ಒಂದು ಹೂ.

ನೋಮ್ಯಾಡ್

ಟ್ಯಾಬ್ ಅಥವಾ ದೊಡ್ಡ ಫೋನ್ ಇದ್ದರೆ ಸಾಕು. ಒಮ್ಮೆ ಸ್ವಲ್ಪ ದುಡ್ಡು ಕೊಟ್ಟರೆ ಆಯಿತು, ಬಾಡಿಗೆ ಇಲ್ಲ. ಐಪ್ಯಾಡ್, ಆಂಡ್ರಾಯ್ಡ್ ಎರಡರಲ್ಲೂ ಓಡುತ್ತದೆ. ಇದನ್ನು ಬರೆದವರು ಸ್ಟೆಫಾನ್ ಜಿನಿಯೆ. ಇದಕ್ಕೂ ಮೊದಲು ಬ್ರೌಸರ್‌ನಲ್ಲೇ ಓಡುವ ಸ್ಕಲ್ಪ್ಟ್‌ಜಿಎಲ್ ಮಾಡಿದ್ದವರೂ ಅವರೇ.

ಸಿಮೆಟ್ರಿ ಮೆನುವಿನಲ್ಲಿ ರೇಡಿಯಲ್ ಸಂಖ್ಯೆ ಕೊಡಬಹುದು, ಲೋಕಲ್ ನಡುವಾ ಲೋಕದ ನಡುವಾ ಅಂತ ಆರಿಸಬಹುದು. ಆದರೆ ನನಗೆ ಇದರಲ್ಲಿ ಇಷ್ಟವಾದದ್ದು ರಿಪೀಟರ್‌ಗಳು. ಒಂದು ಎಸಳು ಕೆತ್ತಿ, ರೇಡಿಯಲ್ ರಿಪೀಟರ್ ಹಾಕಿ, ಬೆರಳಲ್ಲಿ ಸ್ಲೈಡರ್ ಎಳೆದರೆ ಆರು, ಎಂಟು, ಹನ್ನೆರಡು. ಮೂಲ ಎಸಳು ಕೊನೆವರೆಗೂ ತಿದ್ದಲು ಸಿಗುತ್ತದೆ. ಇಷ್ಟು ಸಲೀಸಾಗಿ ಬ್ಲೆಂಡರ್‌ನಲ್ಲೂ ಆಗುವುದಿಲ್ಲ. ಕಂಪ್ಯೂಟರ್ ಅಂದರೆ ಭಯ ಇರುವವರಿಗೆ, ಚಿತ್ರ ಬರೆಯುವ ಕೈ ಇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಪ್ರಭಾವಳಿ ಕೆತ್ತುವ ಆ ಹಿರಿಯರಿಗೂ ಇದನ್ನೇ ಹೇಳಿದೆ.

ಮಿತಿ ಅಂದರೆ ನಿಮ್ಮ ಟ್ಯಾಬ್‌ನ ಶಕ್ತಿ. ಕಮ್ಮಿ ಬೆಲೆಯ ಆಂಡ್ರಾಯ್ಡ್‌ನಲ್ಲಿ ಇಪ್ಪತ್ನಾಲ್ಕು ಎಸಳಿನ ರೇಡಿಯಲ್ ಹಾಕಿ ದೊಡ್ಡ ಬ್ರಷ್ ಎಳೆದರೆ ಗೀರು ನಿಮ್ಮ ಕೈಯ ಹಿಂದೆ ಹಿಂದೆ ಬರುತ್ತದೆ. ಪ್ರತಿ ಗೀರಿಗೂ ಅದು ಇಪ್ಪತ್ನಾಲ್ಕು ಸಲ ಲೆಕ್ಕ ಹಾಕಬೇಕಲ್ಲ. ಒತ್ತಡ ಗುರುತಿಸುವ ಪೆನ್ ಇಲ್ಲದಿದ್ದರೆ ಅರ್ಧ ರುಚಿ ಹೋದ ಹಾಗೆ.

3ಡಿ-ಕೋಟ್

ಉಕ್ರೇನ್‌ನ ಪಿಲ್ಗ್‌ವೇ ಕಂಪನಿಯದ್ದು. ವಾಕ್ಸೆಲ್, ಅಂದರೆ ಪುಟ್ಟ ಪುಟ್ಟ ಘನಗಳ ಜೇಡಿಮಣ್ಣಿನಲ್ಲಿ ಕೆತ್ತುವ ಅನುಭವ. ಸಿಮೆಟ್ರಿಯಲ್ಲಿ ರೇಡಿಯಲ್ ಬೇರೆ, ಕನ್ನಡಿ ಸೇರಿದ ರೇಡಿಯಲ್ ಬೇರೆ ಅಂತ ಹೆಸರಿಟ್ಟೇ ಕೊಟ್ಟಿದ್ದಾರೆ. ತಾವರೆ, ನಂದಿಬಟ್ಟಲಿನ ಗೊಂದಲ ಇಲ್ಲಿ ಹುಟ್ಟುವುದೇ ಇಲ್ಲ. ಶಾಶ್ವತ ಲೈಸೆನ್ಸ್ ಈಗಲೂ ಮಾರುತ್ತಾರೆ. ಬಾಡಿಗೆ ಇಷ್ಟವಿಲ್ಲ, ಬಣ್ಣ ಹಚ್ಚುವ ಕೆಲಸವೂ ಇದೆ, ರೀಟೋಪಾಲಜಿಯೂ (ಮಾದರಿಯ ಹೆಣಿಗೆಯನ್ನು ಅಚ್ಚುಕಟ್ಟಾಗಿ ಮತ್ತೆ ಹೆಣೆಯುವುದು) ಒಂದೇ ಕಡೆ ಬೇಕು ಅನ್ನುವವರು ನೋಡಬಹುದು. ಕಲಿಯಲು ಜೊತೆಗಾರರು ನಮ್ಮಲ್ಲಿ ಕಮ್ಮಿ. ಸಿಕ್ಕಿಹಾಕಿಕೊಂಡಾಗ ಪಕ್ಕದ ಮೇಜಿನವನನ್ನು ಕೇಳಲು ಆಗುವುದಿಲ್ಲ. ನಾನು ಕೆಲವು ತಿಂಗಳು ಬಳಸಿ ಬಿಟ್ಟೆ, ಅದರ ತಪ್ಪೇನೂ ಇರಲಿಲ್ಲ.

ಎಲ್ಲದಕ್ಕೂ ಸೇರಿದ ಎರಡು ಗುಟ್ಟು

ಒಂದು, ತಳದ ತಟ್ಟೆಯ ಲೆಕ್ಕ. ಬ್ಲೆಂಡರ್‌ನಲ್ಲಿ ಸಿಲಿಂಡರ್ ಹಾಕಿದರೆ ಸುತ್ತ 32 ಮೂಲೆ ಬರುತ್ತದೆ. ಅದರ ಮೇಲೆ ಹನ್ನೆರಡು ಎಸಳು ಕೆತ್ತಿದರೆ 32 ಅನ್ನು 12 ಭಾಗ ಮಾಡಲು ಆಗುವುದಿಲ್ಲ. ಒಂದು ಎಸಳಿನ ಗೆರೆ ಮೂಲೆಯ ಮೇಲೆ, ಇನ್ನೊಂದರದ್ದು ಎರಡು ಮೂಲೆಗಳ ನಡುವೆ. ಅಂಚುಗಳು ಒಂದೊಂದೂ ಒಂದೊಂದು ಥರ ಕಾಣುತ್ತವೆ. 48 ಕೊಡಿ. ಅದು 6, 8, 12, 16, 24 ಎಲ್ಲಕ್ಕೂ ಸರಿಹೋಗುತ್ತದೆ. ಐದು ಎಸಳಿಗೆ 40 ಅಥವಾ 60. ಏಳಕ್ಕೆ 56.

ಇನ್ನೊಂದು ರೀಮೆಶ್. ವಾಕ್ಸೆಲ್ ರೀಮೆಶ್ ಮೆಶ್ ಅನ್ನು, ಅಂದರೆ ಮಾದರಿಯ ಮೈಯ ಬಲೆಯನ್ನು, ಘನಗಳ ಗ್ರಿಡ್‌ನಲ್ಲಿ ಮತ್ತೆ ಹೆಣೆಯುತ್ತದೆ. ಆ ಗ್ರಿಡ್ ಕಾಲು ಸುತ್ತು ತಿರುಗಿಸಿದರೆ ಮೊದಲಿನ ಹಾಗೇ ಇರುತ್ತದೆ. 30 ಡಿಗ್ರಿ ತಿರುಗಿಸಿದರೆ ಇರುವುದಿಲ್ಲ. ಹಾಗಾಗಿ ಹನ್ನೆರಡು ಎಸಳಿನ ಹೂವನ್ನು ರೀಮೆಶ್ ಮಾಡಿದ ಮೇಲೆ ಅಕ್ಕಪಕ್ಕದ ಎಸಳುಗಳ ಹೆಣಿಗೆ ಸ್ವಲ್ಪ ಬೇರೆಯಾಗುತ್ತದೆ. ಝಡ್‌ಬ್ರಷ್‌ನ ಡೈನಾಮೆಶ್‌ನಲ್ಲೂ ಇದೇ ಕಥೆ. ದೊಡ್ಡ ಗುರಾಣಿಯಲ್ಲಿ ಯಾರ ಕಣ್ಣಿಗೂ ಬೀಳದು. ಓಲೆಯ ತೆಳು ಅಂಚಿನಲ್ಲಿ ಬೀಳುತ್ತದೆ. ಅಲ್ಲಿ ರೀಮೆಶ್ ಎಲ್ಲ ಮೊದಲೇ ಮುಗಿಸಿ, ಕೊನೆಯ ಗೀರುಗಳನ್ನು ಮಲ್ಟಿರೆಸ್ (ಇದ್ದ ಹೆಣಿಗೆಯನ್ನೇ ಸಮವಾಗಿ ಸೀಳಿ ನವಿರಾಗಿಸುವ ಸವಲತ್ತು) ಮೇಲೆ ಕೊಡಿ. ಇಲ್ಲವೇ ಒಂದೇ ಎಸಳನ್ನು ಪೂರ್ತಿ ಮಾಡಿ ಅರೇ ಹಾಕಿ.

ಹಾಗಾದರೆ ಯಾರು ಏನು ಹಿಡಿಯಬೇಕು

ಗುರಾಣಿಯ ಹುಡುಗಿಗೆ ಝಡ್‌ಬ್ರಷ್ ಒಂದು ತಿಂಗಳಿಗೆ ಬಾಡಿಗೆ ಪಡೆಯಲು ಹೇಳಿದೆ. ಅವಳು ಹೋಗಲು ಬಯಸಿರುವ ಕಡೆ ಎಲ್ಲರೂ ಅದನ್ನೇ ಬಳಸುತ್ತಾರೆ, ಟೆಸ್ಟ್‌ನಲ್ಲಿ ನವಿರು ಕೆಲಸ ಕಾಣಬೇಕು, ಎಸಳಿನ ಲೆಕ್ಕ ಮೊದಲೇ ಕಾಗದದ ಮೇಲೆ ಕೊಟ್ಟಿದ್ದಾರೆ. ಆ ತಿಂಗಳ ಬಾಡಿಗೆ ಪರೀಕ್ಷೆಯ ಫೀಸು ಅಂದುಕೊಂಡರಾಯಿತು. ಆದರೆ ಬ್ಲೆಂಡರ್ ಆಗಲೇ ಬರುತ್ತಿದ್ದರೆ ಟೆಸ್ಟ್‌ಗೆ ಮೂರು ದಿನ ಇರುವಾಗ ಹೊಸದನ್ನು ಕಲಿಯಲು ಹೋಗಬೇಡಿ. ಗೊತ್ತಿರುವ ಉಳಿಯಲ್ಲೇ ಕೆತ್ತಿ.

ಕಾಲೇಜು ಓದುವವರು, ಮನೆಯಲ್ಲಿ ಕೂತು ಕಲಿಯುವವರು, ತ್ರೀ-ಡಿ ಪ್ರಿಂಟರ್ ಇಟ್ಟುಕೊಂಡು ಸಣ್ಣ ವ್ಯಾಪಾರ ಮಾಡುವವರು ಬ್ಲೆಂಡರ್ ಬಿಟ್ಟು ಬೇರೆ ಯೋಚಿಸುವ ಅಗತ್ಯ ನನಗೆ ಕಾಣುವುದಿಲ್ಲ. ಉಳಿದ ದುಡ್ಡಿಗೆ ಎಸ್.ಪಿ. ರೋಡಿಗೆ ಹೋಗಿ ರ‍್ಯಾಮ್ ಹಾಕಿಸಿ, ಒಂದು ಪೆನ್ ಟ್ಯಾಬ್ಲೆಟ್ ತನ್ನಿ. ಆರಂಭಕ್ಕೆ ಕೆಲವು ಸಾವಿರ ರೂಪಾಯಿಯದ್ದು ಸಾಕು. ಮೌಸ್‌ನಲ್ಲಿ ರೇಡಿಯಲ್ ಸಿಮೆಟ್ರಿ ಮಾಡಿದರೆ ಒಂದೇ ಒರಟು ಗೀರು ಹನ್ನೆರಡು ಪಟ್ಟಾಗಿ ಕಾಣುತ್ತದೆ.

ಚಿನ್ನದ ಕೆಲಸದವರಿಗೆ ಒಂದು ಎಚ್ಚರ. ಕಲ್ಲು ಕೂರುವ ಮನೆಗಳನ್ನು ಯಾವ ಸ್ಕಲ್ಪ್ಟಿಂಗ್ ಸಾಫ್ಟ್‌ವೇರ್‌ನಲ್ಲೂ ಕೆತ್ತಬೇಡಿ. ಅಲ್ಲಿ ಮಿಲಿಮೀಟರ್‌ನ ಹತ್ತನೇ ಒಂದು ಭಾಗವೂ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ರೈನೋ ಥರದ ಕ್ಯಾಡ್, ಅಂದರೆ ಅಳತೆ ಕೊಟ್ಟು ಬರೆಯುವ ಸಾಫ್ಟ್‌ವೇರ್, ಇದೆ, ಅದರ ಅರೇ-ಪೋಲಾರ್ ಆಜ್ಞೆ ಇದೆ. ಸುತ್ತಲಿನ ಹೂ, ಬಳ್ಳಿ, ಯಾಳಿ ಮುಖ ಮಾತ್ರ ಬ್ರಷ್‌ಗೆ ಬಿಡಿ. ಏಳು ಕಲ್ಲಿನ ಓಲೆಗೆ ಒಂದು ಚೆಂದದ ಅನುಕೂಲ ಇದೆ. ಒಂದೇ ಅಳತೆಯ ದುಂಡು ಕಲ್ಲುಗಳಾದರೆ ಒಂದರ ಸುತ್ತ ಸರಿಯಾಗಿ ಆರು ಕೂರುತ್ತವೆ, ಎಲ್ಲವೂ ಪಕ್ಕದವಕ್ಕೆ ತಾಗಿಕೊಂಡು, ಸಂದಿಲ್ಲದೆ. ಐದಿಟ್ಟರೆ ಸಂದು ಉಳಿಯುತ್ತದೆ, ಏಳಕ್ಕೆ ಜಾಗವೇ ಇಲ್ಲ. ನಮ್ಮ ಅಜ್ಜಿಯರ ಕಿವಿಯಲ್ಲಿದ್ದ ಲೆಕ್ಕ ಇದು. ಗಿರಾಕಿ ಬಂದು ಎಸಳು ಕಮ್ಮಿ ಮಾಡಿ ಅಂತ ಹೇಳುವ ಭಯವೂ ಇಲ್ಲ.

ಅದಕ್ಕೇ ನಗರ್ತಪೇಟೆಯ ಹುಡುಗನಿಗೆ, ಕಲ್ಲಿನ ಮನೆ ಬಿಟ್ಟು ಉಳಿದ ಕೆತ್ತನೆಗೆ, ಬ್ಲೆಂಡರ್ ಸಾಕು ಅಂದೆ. ಝಡ್ ರೇಡಿಯಲ್ 6, ಎಕ್ಸ್ ಕನ್ನಡಿ ಆನ್, ಫೆದರ್ ಆನ್, ತಟ್ಟೆಗೆ 48 ಮೂಲೆ, ಕೊಂಡಿ ಬೇರೆ ಆಬ್ಜೆಕ್ಟ್. ಹತ್ತು ದಿನದಲ್ಲಿ ಪ್ರಿಂಟ್ ಮಾಡಿಸಿ ತಂದ. ಆರು ಮೊಗ್ಗೂ ಒಂದೇ ಅಚ್ಚು. ನಡು ಮಟ್ಟಸ. ಅವನಪ್ಪ ಕಣ್ಣಿಗೆ ಬೂದುಗಾಜು ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಚೆನ್ನಾಗಿದೆ ಕಣೋ. ಜುಮುಕಿ ಎಲ್ಲಿಗೆ ತೂಗುಹಾಕೋದು?" ಅಂದರು. ಕೊಂಡಿ ಬೇರೆ ಆಬ್ಜೆಕ್ಟ್ ಆಗಿತ್ತಲ್ಲ, ಎಕ್ಸ್‌ಪೋರ್ಟ್ ಮಾಡುವಾಗ ಅದನ್ನು ಸೆಲೆಕ್ಟ್ ಮಾಡುವುದು ಮರೆತಿದ್ದ.